ಬಾಡಿಗೆ ಲೆನ್ಸು, ಫ್ಲೂಯಿಡ್ ಹೆಡ್ ತಗೊಂಡು ಮಂಡಗದ್ದೆಗೆ ಹೋಗಿದ್ದು

ಆಶ್ಲೇಷ ಮಳೆ ಎರಡು ದಿನ ಸ್ವಲ್ಪ ಹೊಳವಾಗಿತ್ತು. ತುಂಗಾ ನದಿಯ ಪಕ್ಷಿಧಾಮ ಮಂಡಗದ್ದೆಯಲ್ಲಿ ಬೆಳ್ಳಕ್ಕಿ ಹಾರುವುದನ್ನು ವಿಡಿಯೊ ಮಾಡಬೇಕು ಅಂತ ತುಂಬಾ ದಿನದ ಆಸೆ. ಆದರೆ ಲೆನ್ಸ್ ಕೊಳ್ಳುವಷ್ಟು ದುಡ್ಡಿಲ್ಲ. ಶಿವಮೊಗ್ಗದಲ್ಲಿ ಮದುವೆ ಶೂಟಿಂಗ್‌ನವರಿಗೆ ಕ್ಯಾಮೆರಾ ಬಾಡಿಗೆ ಕೊಡುವ ಒಂದು ಅಂಗಡಿಯಿಂದ ದೂರದ್ದನ್ನು ಹತ್ತಿರ ತೋರಿಸುವ ಸೋನಿ 200-600 ಎಂಎಂ ಜೂಮ್ ಲೆನ್ಸ್, ಟ್ರೈಪಾಡ್, ಅದರ ಮೇಲೆ ಕೂರಿಸಿ ಕ್ಯಾಮೆರಾ ತಿರುಗಿಸಲು ಒಂದು ಫ್ಲೂಯಿಡ್ ಹೆಡ್ ಎರಡು ದಿನಕ್ಕೆ ತಂದೆ.

ನಿಜ ಹೇಳಬೇಕೆಂದರೆ ಹೆಡ್ ಬೇಡ ಅಂದಿದ್ದೆ. ನನ್ನ ಹತ್ತಿರ ಗುಂಡಿನ ಮೇಲೆ ಎಲ್ಲ ಕಡೆ ತಿರುಗುವ ಬಾಲ್ ಹೆಡ್ ಇತ್ತಲ್ವಾ. "ಸರ್, ಲೆನ್ಸ್ ಬೇಕಾದ್ರೆ ಚಿಕ್ಕದು ತಗೊಳ್ಳಿ, ಹೆಡ್ ಮಾತ್ರ ಬಿಟ್ಟು ಹೋಗ್ಬೇಡಿ" ಅಂದರು ಅಂಗಡಿಯವರು. ಆ ಒಂದು ಮಾತಿಗೇ ಅವರಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಫ್ಲೂಯಿಡ್ ಹೆಡ್ ಒಳಗೆ ಗಟ್ಟಿ ಗ್ರೀಸಿನಂಥ ದ್ರವ ಇರುತ್ತದೆ, ಅದು ಕೈಯ ನಡುಕವನ್ನೆಲ್ಲ ನುಂಗಿ ತಿರುಗುವುದನ್ನು ಒಂದೇ ಸಮ ಮಾಡುತ್ತದೆ. ಬಿಗಿ ಜಾಸ್ತಿ ಇಟ್ಟರೆ ಹಕ್ಕಿ ಫ್ರೇಮಿನಿಂದ ಆಚೆ ಹೋಗಿಬಿಡುತ್ತದೆ, ಸಡಿಲ ಬಿಟ್ಟರೆ ಶುರುವಿನಲ್ಲೇ ಜರ್ಕ್. ನನಗೆ ಹದ ಸಿಗಲು ಪೂರ್ತಿ ಒಂದು ಬೆಳಗ್ಗೆ ಬೇಕಾಯ್ತು. ಲೆನ್ಸ್ ಎರಡು ಕಿಲೊಗಿಂತ ಜಾಸ್ತಿ ತೂಕ, ಆದರೆ ಜೂಮ್ ಮಾಡಿದರೂ ಉದ್ದ ಆಗುವುದಿಲ್ಲ, ಹಾಗಾಗಿ ಒಮ್ಮೆ ಬ್ಯಾಲೆನ್ಸ್ ಮಾಡಿದರೆ ಕೈಬಿಟ್ಟರೂ ಅಲ್ಲೇ ನಿಲ್ಲುತ್ತದೆ. ವಿದೇಶದಲ್ಲಿ ಕೆಲವರು ಬಾತುಮರಿಗಳನ್ನು ಮೊಟ್ಟೆಯೊಡೆದ ದಿನದಿಂದ ಸಾಕಿ, ಹಗುರ ವಿಮಾನದ ಪಕ್ಕದಲ್ಲೇ ಹಾರಿಸಿ ಶೂಟ್ ಮಾಡುತ್ತಾರೆ. ತುಂಗೆಯ ದಡದಲ್ಲಿ ನಿಂತವರಿಗೆ ಈ ಹೆಡ್ಡೇ ವಿಮಾನ.

ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ. ಗಾಳಿ ನಮ್ಮ ಬೆನ್ನಿಗೆ ಬರುವ ಹಾಗೆ ನಿಂತರೆ ಅದು ನಮ್ಮ ಕಡೆಗೇ ಮುಖ ಮಾಡಿ ಏಳುತ್ತದೆ. ಮೊದಲೇ 600ಕ್ಕೆ ಹೋಗಬೇಡಿ, 300ರ ಸುಮಾರಿಗೆ ಇಟ್ಟು, ಕೂತ ಹಕ್ಕಿಯ ಮೇಲೆ ಫೋಕಸ್ ಹಿಡಿದು, ಅದು ಮೈ ಮುಂದಕ್ಕೆ ಬಾಗಿಸಿದ ತಕ್ಷಣ ರೆಕಾರ್ಡ್ ಒತ್ತಿ.

ನನಗೆ ಸಿಕ್ಕ ಒಳ್ಳೆಯ ಶಾಟ್ ಒಂದೇ. ಸೆಕೆಂಡಿಗೆ 120 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ನೋಡಿದೆ, ಐದು ಪಟ್ಟು ನಿಧಾನ. ಬೆಳ್ಳಕ್ಕಿ ಮೊಣಕಾಲು ಮಡಚಿ ಚಿಮ್ಮುತ್ತದೆ, ಕುತ್ತಿಗೆ ಉದ್ದಕ್ಕೆ ಚಾಚಿ, ನಾಲ್ಕೈದು ರೆಕ್ಕೆ ಬಡಿತ ಆದಮೇಲೆ ನಿಧಾನವಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಕಪ್ಪು ಕಾಲಿನ ತುದಿಯಿಂದ ನೀರು ಒಂದೊಂದೇ ಹನಿಯಾಗಿ ಬೀಳುತ್ತದೆ. ಬರಿಗಣ್ಣಿಗೆ ಇದ್ಯಾವುದೂ ಕಂಡಿರಲಿಲ್ಲ. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದೆ.

ಬೆಳಕಿನದ್ದೇ ಕಷ್ಟ. 600ರಲ್ಲಿ ಲೆನ್ಸಿನ ಬಾಯಿ ಎಫ್ 6.3ಕ್ಕಿಂತ ಅಗಲವಾಗಿ ತೆರೆಯುವುದಿಲ್ಲ, 120 ಫ್ರೇಮಿಗೆ ಶಟರ್ 1/250 ಸೆಕೆಂಡ್ ಬೇಕು, ಮೋಡ ಕವಿದರೆ ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಿ ಏರಿಸಿ ಚಿತ್ರವೆಲ್ಲ ಕಾಳುಕಾಳು. ಆಗ 50 ಫ್ರೇಮಿಗೆ ಇಳಿಯಿರಿ. ಬಿಸಿಲು ಬಂದರೆ ಬಿಳಿ ರೆಕ್ಕೆ ಸುಟ್ಟ ಹಾಗೆ ಕಾಣುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಕಮ್ಮಿ ಮಾಡಿ.

ಒಂದು ಸ್ಟಾರ್ ಕಳೆದಿದ್ದು ಲೆನ್ಸನ್ನು ಹೆಡ್ಡಿಗೆ ಕೂರಿಸುವ ಪ್ಲೇಟಿಗೆ. ರಬ್ಬರ್ ಸವೆದು ಲೆನ್ಸ್ ಸುಮ್ನೆ ಜಾರಿ ತಿರುಗುತ್ತಿತ್ತು. ನೀರುಕಾಗೆಯೊಂದು ನೀರಿನ ಮೇಲೆ ಕಾಲು ಬಡಿಯುತ್ತಾ ಓಡಿ ಏಳುವ ಶಾಟ್ ಪೂರ್ತಿ ಹಾಳಾಯ್ತು, ಹೊಟ್ಟೆ ಉರಿದುಹೋಯ್ತು. ಮಳೆಗಾಲದಲ್ಲಿ ರೇನ್ ಕವರ್ ಕೂಡ ಕೊಟ್ಟಿರಲಿಲ್ಲ. ವಾಪಸ್ ಕೊಡುವಾಗ ಹೇಳಿದೆ, ಕೇಳಿಸಿಕೊಂಡರು, ಅಷ್ಟೇ.

ನೀವು ತರುವುದಾದರೆ ಅಂಗಡಿಯಲ್ಲೇ ಲೆನ್ಸ್ ಕೂರಿಸಿ, ಪ್ಲೇಟ್ ಅಲುಗಾಡಿಸಿ ನೋಡಿ. ನಾನಂತೂ ಪ್ಲೇಟ್ ಸ್ವಂತದ್ದು ಕೊಂಡೆ. ಮಘೆ ಮಳೆಯಲ್ಲಿ ಹೊಳವು ಸಿಕ್ಕರೆ ಅದೇ ಹೆಡ್ ಮತ್ತೆ ತರುತ್ತೇನೆ, ನೀರುಕಾಗೆ ಬಾಕಿ ಇದೆ.