ಚತುಷ್ಕೋನ ಸ್ಪರ್ಧೆಗೆ ಯಾಪ್ಮ್ಸ್ ಎಷ್ಟು ಉಪಯೋಗ?

1992ರ ಜುಲೈನಲ್ಲಿ ಪಕ್ಷೇತರ ರಾಸ್ ಪೆರೋ ಕಣದಿಂದ ಹಿಂದೆ ಸರಿಯದೇ ಇದ್ದಿದ್ದರೆ ಏನಾಗುತ್ತಿತ್ತು? 1912ರಲ್ಲಿ ಟಾಫ್ಟ್ ಮತ್ತು ರೂಸ್‌ವೆಲ್ಟ್ ಜತೆಗೆ ಸಮಾಜವಾದಿ ಯೂಜೀನ್ ಡೆಬ್ಸ್ ಕೂಡ ನಾಲ್ಕಾರು ರಾಜ್ಯ ಗೆದ್ದಿದ್ದರೆ? ಅಮೆರಿಕದ ಅಧ್ಯಕ್ಷೀಯ ಚುನಾವಣೆಯನ್ನು ಹೀಗೆ ಬೇರೆ ದಾರಿಗೆ ತಿರುಗಿಸಿ ನೋಡುವವರು ಹೆಚ್ಚಾಗಿ ತೆರೆಯುವ ನಕ್ಷೆಯ ತಾಣ ಯಾಪ್ಮ್ಸ್ (YAPms). ಬ್ರೌಸರ್‌ನಲ್ಲೇ ನಡೆಯುತ್ತದೆ, ದುಡ್ಡಿಲ್ಲ, ನಕ್ಷೆ ಶುರು ಮಾಡಲು ಖಾತೆಯೂ ಬೇಡ. ನಕ್ಷೆಗೆ ಬಣ್ಣ ತುಂಬುವ ಕೆಲಸಕ್ಕೆ ಇದು ಸೊಗಸಾದ ಸಾಧನ. ಆದರೆ ನೀವು ತುಂಬಿದ ಬಣ್ಣ ಸಾಧ್ಯವೋ ಅಸಾಧ್ಯವೋ ಎಂದು ಅದು ಕೇಳುವುದಿಲ್ಲ. ಡೆಬ್ಸ್‌ಗೆ ಟೆಕ್ಸಾಸ್ ಕೊಟ್ಟರೂ ತಕರಾರಿಲ್ಲದೆ ಕೂಡಿಸಿಕೊಂಡು ಕೂರುತ್ತದೆ. ಎದುರಾಳಿ ತಾಣ 270 ಟು ವಿನ್ ಹಳೆಯ ಫಲಿತಾಂಶ ನೋಡಲು, ಇಬ್ಬರ ನಡುವಿನ ನೇರ ಹಣಾಹಣಿ ಲೆಕ್ಕ ಹಾಕಲು ಹೇಳಿ ಮಾಡಿಸಿದಂತಿದೆ. ಅಭ್ಯರ್ಥಿಗಳು ಮೂವರಿಗಿಂತ ಹೆಚ್ಚಾದರೆ ಯಾಪ್ಮ್ಸ್‌ಗೇ ಬರಬೇಕು.

ಹೊಸ ಅಭ್ಯರ್ಥಿಯನ್ನು ಸೇರಿಸುವಾಗ ಹೆಸರಿನ ಜತೆ ನಾಲ್ಕು ಛಾಯೆಗಳನ್ನು ಆರಿಸಬೇಕು: ಸೇಫ್, ಲೈಕ್ಲಿ, ಲೀನ್, ಟಿಲ್ಟ್. ಗಾಢದಿಂದ ತೆಳುವಿನವರೆಗೆ ಇವು ಗೆಲುವಿನ ಅಂತರ ತೋರಿಸುತ್ತವೆ. ಟಿಲ್ಟ್ ಎಂದರೆ ಶೇ 1ರೊಳಗೆ, ಲೀನ್ 5ರವರೆಗೆ, ಲೈಕ್ಲಿ 15ರವರೆಗೆ, ಅದರ ಮೇಲೆ ಸೇಫ್ ಎಂದು ಇಟ್ಟುಕೊಳ್ಳುವವರೇ ಹೆಚ್ಚು. ಇಲ್ಲಿ ಅಂತರ ಎಂದರೆ ಮೊದಲಿಗ ಮತ್ತು ಎರಡನೆಯವನ ನಡುವಿನದು, ಮೊದಲಿಗ ಪಡೆದ ಪ್ರಮಾಣವಲ್ಲ. ನಾಲ್ವರ ಸ್ಪರ್ಧೆಯಲ್ಲಿ ಶೇ 36 ಪಡೆದವನ ಹಿಂದೆ ಉಳಿದ ಮೂವರು 22, 21, 21 ಎಂದು ಹಂಚಿಕೊಂಡಿದ್ದರೆ ಆ ಗೆಲುವು ಲೈಕ್ಲಿ, ಹೆಚ್ಚುಕಡಿಮೆ ಸೇಫ್. ಶೇ 36 ಕಂಡ ಕೂಡಲೇ ಟಿಲ್ಟ್ ಬಳಿಯುವವರು ಬಹಳ.

ಐವರು ಅಭ್ಯರ್ಥಿಗಳಿಗೆ ನಾಲ್ಕು ಛಾಯೆ ಎಂದರೆ ನಕ್ಷೆಯ ಮೇಲೆ ಇಪ್ಪತ್ತು ಬಣ್ಣ. ಯಾರ ಕಣ್ಣಿಗೂ ಅದು ಹಿಡಿಯುವುದಿಲ್ಲ. ನಾಲ್ವರು ದಾಟಿದರೆ ಗಾಢ ಮತ್ತು ತೆಳು ಎಂಬ ಎರಡೇ ಛಾಯೆ ಸಾಕು. ನೀಲಿ, ಕೆಂಪು, ಹಸಿರು, ಕಿತ್ತಳೆ, ನೇರಳೆ ಒಂದಕ್ಕೊಂದು ಬೆರೆಯುವುದಿಲ್ಲ. ಹಳದಿ ಬೇಡ, ಅದರ ತೆಳು ಛಾಯೆ ಇನ್ನೂ ಯಾರಿಗೂ ಸಿಗದ ರಾಜ್ಯದ ಮಂಕು ಬಣ್ಣದೊಳಗೆ ಕರಗಿಹೋಗುತ್ತದೆ. ಫೋನಿನಲ್ಲಿ ಮಾಡುವ ಕೆಲಸವೂ ಇದಲ್ಲ: ರೋಡ್ ಐಲೆಂಡ್ ಅಥವಾ ಡೆಲವೇರ್ ಮೇಲೆ ಬೆರಳಿಟ್ಟರೆ ಪಕ್ಕದ ರಾಜ್ಯದ ಬಣ್ಣ ಬದಲಾಗಿರುತ್ತದೆ.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ವರ್ಷದ್ದು. ಪ್ರತಿ ರಾಜ್ಯಕ್ಕೂ ಅಧ್ಯಕ್ಷರನ್ನು ಆರಿಸುವ ಇಂತಿಷ್ಟು ಎಲೆಕ್ಟರ್‌ಗಳಿರುತ್ತಾರೆ, ಸಾಮಾನ್ಯವಾಗಿ ರಾಜ್ಯ ಗೆದ್ದವನಿಗೇ ಅವರೆಲ್ಲರ ಮತ. ಪ್ರತಿ ಜನಗಣತಿಯ ನಂತರ ಈ ಸಂಖ್ಯೆ ಬದಲಾಗುತ್ತದೆ. ಈಗಿನ ಖಾಲಿ ನಕ್ಷೆ ತೆರೆದು 1992ರ ಕಥೆ ಬರೆಯಲು ಕೂತವರು ಕ್ಯಾಲಿಫೋರ್ನಿಯ ಒಂದನ್ನೇ ನೋಡಿ ಸಮಾಧಾನಪಟ್ಟುಕೊಂಡರೆ ಮೋಸಹೋಗುತ್ತಾರೆ, ಏಕೆಂದರೆ ಅದಕ್ಕೆ ಅಂದೂ 54, ಇಂದೂ 54. ಟೆಕ್ಸಾಸ್ ಅಂದು 32, ಇಂದು 40. ನ್ಯೂಯಾರ್ಕ್ 33 ಇದ್ದದ್ದು 28ಕ್ಕೆ ಇಳಿದಿದೆ, ಫ್ಲಾರಿಡ 25ರಿಂದ 30ಕ್ಕೆ ಏರಿದೆ, ಪೆನ್ಸಿಲ್ವೇನಿಯ 23ರಿಂದ 19ಕ್ಕೆ ಬಂದಿದೆ. ಒಟ್ಟು ಮಾತ್ರ ಎರಡೂ ಕಡೆ 538, ಹಾಗಾಗಿ ಮೊತ್ತ ನೋಡಿ ತಪ್ಪು ಹಿಡಿಯಲಾಗದು. ಆ ವರ್ಷದ ನಕ್ಷೆಯಿಂದಲೇ ಶುರು ಮಾಡಿ. ಇಲ್ಲವೇ ರಾಜ್ಯದ ಸಂಖ್ಯೆಯನ್ನು ಎಡಿಟ್ ಮಾಡುವ ಸೌಲಭ್ಯ ಬಳಸಿ ಒಂದೊಂದಾಗಿ ತಿದ್ದಿ. ಈಗ 270 ಇರುವ ಗೆಲುವಿನ ಗೆರೆಯೂ ಹಿಂದೆ ಬೇರೆ: 1860ರಲ್ಲಿ 303ಕ್ಕೆ 152, 1912ರಲ್ಲಿ 531ಕ್ಕೆ 266.

ಒಂದೇ ರಾಜ್ಯದ ಎಲೆಕ್ಟರ್‌ಗಳನ್ನು ಹಂಚುವ ಸ್ಪ್ಲಿಟ್ ಸೌಲಭ್ಯ ಹಳೆಯ ಚುನಾವಣೆಗಳಿಗೆ ಬೇಕೇ ಬೇಕು. ಮೈನ್ 1972ರಿಂದ, ನೆಬ್ರಾಸ್ಕ 1992ರಿಂದ ಕ್ಷೇತ್ರವಾರು ಹಂಚುತ್ತಿವೆ ಎಂಬುದು ಹೆಚ್ಚಿನವರಿಗೆ ಗೊತ್ತು. ಅದಕ್ಕೂ ಹಿಂದೆ ಮತದಾರರು ಎಲೆಕ್ಟರ್‌ಗಳಿಗೆ ಒಬ್ಬೊಬ್ಬರಾಗಿ ಮತ ಹಾಕುತ್ತಿದ್ದ ಕಡೆಗಳಲ್ಲಿ ರಾಜ್ಯಗಳು ಒಡೆಯುತ್ತಿದ್ದವು. 1912ರ ಕ್ಯಾಲಿಫೋರ್ನಿಯದಲ್ಲಿ ರೂಸ್‌ವೆಲ್ಟ್‌ಗೆ 11, ವಿಲ್ಸನ್‌ಗೆ 2. 1860ರ ನ್ಯೂಜೆರ್ಸಿಯಲ್ಲಿ ಲಿಂಕನ್‌ಗೆ 4, ಡಗ್ಲಸ್‌ಗೆ 3. ಸ್ಪ್ಲಿಟ್ ಮರೆತು 1968ರ ನಿಜ ಫಲಿತಾಂಶವನ್ನು ಬಳಿದರೆ ನಿಕ್ಸನ್ 302, ಮೂರನೇ ಅಭ್ಯರ್ಥಿ ಜಾರ್ಜ್ ವಾಲೇಸ್ 45 ಬರುತ್ತದೆ. ನಿಜವಾದದ್ದು 301 ಮತ್ತು 46, ನಾರ್ತ್ ಕೆರೊಲೈನದ ಒಬ್ಬ ಎಲೆಕ್ಟರ್ ತಿರುಗಿಬಿದ್ದಿದ್ದ. ಕಾಲ್ಪನಿಕ ನಕ್ಷೆ ಮಾಡುವ ಮುನ್ನ ನಿಜ ಫಲಿತಾಂಶವನ್ನು ಒಮ್ಮೆ ಬಳಿದು ಮೊತ್ತ ತಾಳೆಯಾಗುತ್ತದೆಯೇ ಎಂದು ನೋಡಿಕೊಂಡರೆ ಇಂಥ ಎಡವಟ್ಟು ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಬಣ್ಣ ಬಳಿಯುವ ಮೊದಲಿನ ಕೆಲಸ, ಅಂದರೆ ಎಕ್ಸೆಲ್ ಹಾಳೆ. ರಾಜ್ಯಕ್ಕೊಂದು ಸಾಲು, ಅಭ್ಯರ್ಥಿಗೊಂದು ಕಾಲಂ, ಕೊನೆಗೆ ಇತರರು, ಸಾಲಿನ ಮತಪ್ರಮಾಣದ ಮೊತ್ತ ಶೇ 100. ರಾಜ್ಯವಾರು ಅಂಕಿಗೆ ಡೇವ್ ಲೈಪ್ ಅವರ ಎಲೆಕ್ಷನ್ ಅಟ್ಲಾಸ್ ತಾಣ ಅನುಕೂಲ. ಒಂದು ಎಚ್ಚರಿಕೆ: ಈಗಿನ ವಾಡಿಕೆಗೆ ಉಲ್ಟಾ, ಅಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಕೆಂಪು, ರಿಪಬ್ಲಿಕನ್ ಪಕ್ಷಕ್ಕೆ ನೀಲಿ. ಅಂಕಿ ಓದದೆ ನಕ್ಷೆಯ ಬಣ್ಣ ನೋಡಿಕೊಂಡು ಇಲ್ಲಿಗೆ ನಕಲು ಮಾಡಿದರೆ ಇಡೀ ದೇಶ ಪಕ್ಷಾಂತರ ಮಾಡಿರುತ್ತದೆ.

ಮೂರನೆಯವನನ್ನು ಬಲಪಡಿಸಲು ಜನ ಬಳಸುವ ಸುಲಭದ ದಾರಿ ಎಲ್ಲ ರಾಜ್ಯಗಳಲ್ಲೂ ಒಂದೇ ಅಂಕ ಕೂಡಿಸುವುದು. 1992ರಲ್ಲಿ ಅಕ್ಟೋಬರ್ ಹೊತ್ತಿಗೆ ಮತ್ತೆ ಕಣಕ್ಕಿಳಿದ ಪೆರೋಗೆ ದೇಶದಲ್ಲಿ ಶೇ 18.9 ಮತ ಬಂತು, ಎಲೆಕ್ಟರ್ ಒಬ್ಬರೂ ಇಲ್ಲ. ಮೈನ್‌ನಲ್ಲಿ ಕ್ಲಿಂಟನ್ 38.8, ಪೆರೋ 30.4. ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಪೆರೋ ಮತದಾರರು ಇಬ್ಬರು ದೊಡ್ಡ ಅಭ್ಯರ್ಥಿಗಳ ನಡುವೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುವಂಥವರು. ಆದ್ದರಿಂದ ಅವರಿಗೆ ಕೂಡಿಸುವ ಮತದ ಅರ್ಧವನ್ನು ಕ್ಲಿಂಟನ್‌ನಿಂದ, ಅರ್ಧವನ್ನು ಬುಷ್‌ನಿಂದ ಕಳೆಯಿರಿ. ಆಗ ಪ್ರತಿ 1 ಅಂಕಕ್ಕೆ ಅಂತರ ಒಂದೂವರೆಯಷ್ಟು ಕುಗ್ಗುತ್ತದೆ. ಮೈನ್‌ನ 8.4ರ ಅಂತರ ಮುಚ್ಚಲು 5.6 ಬೇಕು, ಎಂದರೆ ದೇಶದಲ್ಲಿ ಶೇ 24.5 ತಲುಪಿದಾಗ ಮೊದಲ ರಾಜ್ಯ. ಅಲಾಸ್ಕಕ್ಕೆ 7.4, ನೆವಾಡಕ್ಕೆ 7.5, ಮೊಂಟಾನಕ್ಕೆ 7.7, ಕಾನ್ಸಾಸ್‌ಗೆ 7.9. ಹೀಗೆ ಶೇ 27 ಮುಟ್ಟಿದರೂ ಐದು ರಾಜ್ಯ, ಮೈನ್‌ನ ನಾಲ್ಕೂ ಎಲೆಕ್ಟರ್‌ಗಳನ್ನು ಕೊಟ್ಟರೂ ಹೆಚ್ಚೆಂದರೆ 20. ಪೆರೋ ಎರಡನೇ ಸ್ಥಾನಕ್ಕೆ ಬಂದ ಇನ್ನೊಂದು ರಾಜ್ಯ ಯೂಟಾಗೆ ಹತ್ತಕ್ಕೂ ಮೀರಿ ಬೇಕು.

ಇದರ ಪಕ್ಕದಲ್ಲಿ 1948 ಇಟ್ಟು ನೋಡಿ. ಸ್ಟ್ರಾಮ್ ಥರ್ಮಂಡ್‌ಗೆ ದೇಶದಲ್ಲಿ ಶೇ 2.4 ಮತ, ಎಲೆಕ್ಟರ್‌ಗಳು 39. ಅದೇ ವರ್ಷ ಹೆನ್ರಿ ವಾಲೇಸ್‌ಗೂ ಶೇ 2.4, ಎಲೆಕ್ಟರ್ ಸೊನ್ನೆ. ಥರ್ಮಂಡ್‌ನ ಮತ ದಕ್ಷಿಣದಲ್ಲಿ ಗುಡ್ಡೆಬಿದ್ದಿತ್ತು, ವಾಲೇಸ್‌ನದು ಚದುರಿತ್ತು. ಮೇಲಾಗಿ ಅಲಬಾಮದ ಮತಪತ್ರದಲ್ಲಿ ಹಾಲಿ ಅಧ್ಯಕ್ಷ ಟ್ರೂಮನ್ ಹೆಸರೇ ಇರಲಿಲ್ಲ. ಮತಪತ್ರದಲ್ಲಿ ಯಾರ ಹೆಸರಿದೆ ಎಂಬುದನ್ನು ರಾಜ್ಯಗಳೇ ತೀರ್ಮಾನಿಸುವ ದೇಶ ಅದು. 1860ರಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಲಿಂಕನ್‌ಗೆ ಮತ ಹಾಕಲು ಚೀಟಿಯೇ ಇರಲಿಲ್ಲ. ಎಕ್ಸೆಲ್‌ನಲ್ಲಿ ಇದಕ್ಕೂ ಒಂದು ಕಾಲಂ ಬೇಕು: ಹೆಸರಿದೆ, ಇಲ್ಲ. ಇಲ್ಲದ ಕಡೆ ಶೇ 1 ಕೂಡ ಹಾಕಬೇಡಿ.

ಒಂದೇ ಅಂಕ ಕೂಡಿಸುವ ವಿಧಾನ ಬಲವಿಲ್ಲದ ಕಡೆಯೂ ಅಭ್ಯರ್ಥಿಯನ್ನು ಉಬ್ಬಿಸುತ್ತದೆ. ಮಿಸಿಸಿಪ್ಪಿಯಲ್ಲಿ ಪೆರೋ 8.7, 5.7 ಕೂಡಿಸಿದರೆ 14.4. ಅದರ ಬದಲು ಎಲ್ಲೆಡೆ 1.3ರಿಂದ ಗುಣಿಸಿದರೆ ದೇಶದ ಸರಾಸರಿ ಅಷ್ಟೇ ಬರುತ್ತದೆ, ಮಿಸಿಸಿಪ್ಪಿ 11.3ರಲ್ಲಿ ನಿಲ್ಲುತ್ತದೆ, ಮೈನ್ 39.5ಕ್ಕೆ ಏರುತ್ತದೆ. ಉಳಿದದ್ದನ್ನು ಇಬ್ಬರಿಗೂ ಹಳೆಯ ಅನುಪಾತದಲ್ಲೇ ಹಂಚಿದರೆ ಮೈನ್‌ನಲ್ಲಿ ಕ್ಲಿಂಟನ್ 34ರ ಆಸುಪಾಸಿಗೆ ಇಳಿಯುತ್ತಾರೆ. ಗುಣಾಕಾರವೇ ವಾಸಿ. ಆದರೆ ಮೂರು ಪಟ್ಟಿನ ಮೇಲೆ ಹೋದರೆ ಅದೂ ಕೆಡುತ್ತದೆ, ಕೆಲವು ಸಾಲುಗಳು 100 ದಾಟಿಬಿಡುತ್ತವೆ.

ವಿರೋಧಿ ಮತ ಒಡೆದದ್ದರಿಂದಲೇ ಗೆದ್ದ ಎಂಬ ವಾದವನ್ನೂ ಇದೇ ಹಾಳೆಯಲ್ಲಿ ಪರೀಕ್ಷಿಸಬಹುದು. 1860ರಲ್ಲಿ ಲಿಂಕನ್ ಎದುರಾಳಿಗಳಾದ ಡಗ್ಲಸ್, ಬ್ರೆಕಿನ್‌ರಿಜ್, ಬೆಲ್ ಮೂವರ ಮತವನ್ನೂ ಒಟ್ಟು ಮಾಡಿ ಒಬ್ಬನಿಗೇ ಕೊಡಿ. ಲಿಂಕನ್ ಕಳೆದುಕೊಳ್ಳುವುದು ಕ್ಯಾಲಿಫೋರ್ನಿಯದ 4, ಆರೆಗಾನ್‌ನ 3, ನ್ಯೂಜೆರ್ಸಿಯ 4. 180 ಇದ್ದದ್ದು 169 ಆಗುತ್ತದೆ, ಬೇಕಾದದ್ದು 152. ಶೇ 40 ಕೂಡ ಮುಟ್ಟದ ಮತದಲ್ಲಿ ಹಾಗೇ ಗೆಲ್ಲುತ್ತಾನೆ.

ಕಥೆಯ ರಸವೆಲ್ಲ ಇರುವುದು ಅತಂತ್ರ ಫಲಿತಾಂಶದಲ್ಲಿ, ಯಾಪ್ಮ್ಸ್ ಕೈಬಿಡುವುದೂ ಅಲ್ಲೇ. 1968ರ ನಕ್ಷೆಯಲ್ಲಿ ಕ್ಯಾಲಿಫೋರ್ನಿಯ ಒಂದನ್ನೇ ಡೆಮಾಕ್ರಟಿಕ್ ಅಭ್ಯರ್ಥಿ ಹಂಫ್ರಿಗೆ ತಿರುಗಿಸಿ: ನಿಕ್ಸನ್ 261, ಹಂಫ್ರಿ 231, ವಾಲೇಸ್ 46. ಯಾರಿಗೂ 270 ಇಲ್ಲ. ನಕ್ಷೆ ಇಲ್ಲಿಗೆ ನಿಂತುಹೋಗುತ್ತದೆ, ಚುನಾವಣೆ ನಿಲ್ಲುವುದಿಲ್ಲ. ಸಂವಿಧಾನದ 1804ರ 12ನೇ ತಿದ್ದುಪಡಿಯ ಪ್ರಕಾರ ಎಲೆಕ್ಟರ್ ಮತಗಳಲ್ಲಿ ಮೊದಲ ಮೂವರ ಪೈಕಿ ಒಬ್ಬರನ್ನು ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಆರಿಸಬೇಕು, ರಾಜ್ಯಕ್ಕೊಂದೇ ಮತ, ಗೆಲ್ಲಲು 26 ರಾಜ್ಯ. ರಾಜ್ಯದ ಸದಸ್ಯರು ಸಮಸಮವಾಗಿ ಒಡೆದರೆ ಆ ಮತ ಯಾರಿಗೂ ಇಲ್ಲ. ವಾಷಿಂಗ್ಟನ್ ಡಿಸಿಗೆ ಮೂವರು ಎಲೆಕ್ಟರ್‌ಗಳಿದ್ದರೂ ಇಲ್ಲಿ ಮತವಿಲ್ಲ, ಅದಕ್ಕೂ ಬಣ್ಣ ಹಚ್ಚಿ 51 ಎಣಿಸಬೇಡಿ. ನಾಲ್ಕನೆಯವನು ಹೊರಗೆ: 1824ರಲ್ಲಿ ಜ್ಯಾಕ್ಸನ್ 99, ಆಡಮ್ಸ್ 84, ಕ್ರಾಫರ್ಡ್ 41, ಕ್ಲೇ 37. ಕ್ಲೇ ಹೊರಬಿದ್ದ, 24 ರಾಜ್ಯಗಳಲ್ಲಿ 13 ಪಡೆದ ಆಡಮ್ಸ್ ಅಧ್ಯಕ್ಷನಾದ.

ಇದಕ್ಕೆ ಯಾಪ್ಮ್ಸ್‌ನಲ್ಲೇ ಎರಡನೇ ನಕ್ಷೆ ತೆರೆಯಿರಿ. ಪ್ರತಿ ರಾಜ್ಯದ ಸಂಖ್ಯೆಯನ್ನು 1 ಎಂದು ತಿದ್ದಿ, ಡಿಸಿಯನ್ನು 0 ಮಾಡಿ, ರಾಜ್ಯದ ಸಂಸದರಲ್ಲಿ ಯಾವ ಪಕ್ಷಕ್ಕೆ ಬಹುಮತವೋ ಆ ಬಣ್ಣ ಬಳಿಯಿರಿ. ಮತ ಹಾಕುವುದು ಜನವರಿ 3ರಂದು ಸೇರುವ ಹೊಸ ಸಭೆ, ಹಳೆಯದಲ್ಲ. 1933ರ 20ನೇ ತಿದ್ದುಪಡಿಗೆ ಮೊದಲಿನ ಕಥೆಯಾದರೆ ಉಲ್ಟಾ, ಅವಧಿ ಮುಗಿಯುತ್ತಿರುವ ಸಭೆಯೇ ಮತ ಹಾಕುತ್ತಿತ್ತು. ಸ್ವತಂತ್ರ ಅಭ್ಯರ್ಥಿಗಳ ಕಥೆಗಳು ಕುಸಿಯುವುದು ಈ ಎರಡನೇ ನಕ್ಷೆಯಲ್ಲಿ. 1993ರ ಜನವರಿಯ ಸಭೆಯಲ್ಲಿ ಡೆಮಾಕ್ರಟರು 258, ರಿಪಬ್ಲಿಕನ್ನರು 176. ಪೆರೋ ಕಡೆಯ ಸಂಸದ ಒಬ್ಬನೂ ಇಲ್ಲ. ಎಲೆಕ್ಟರ್ ಮತಗಳಲ್ಲಿ ಪೆರೋ ಮೊದಲ ಸ್ಥಾನಕ್ಕೆ ಬಂದರೂ 270 ಸಿಗದಿದ್ದರೆ ಅಧ್ಯಕ್ಷ ಪದವಿ ಕ್ಲಿಂಟನ್‌ಗೇ ಹೋಗುವ ಸಂಭವ ಹೆಚ್ಚು. ವರ್ಮಾಂಟ್‌ನ ಏಕೈಕ ಸದಸ್ಯನಾಗಿದ್ದವರು ಪಕ್ಷೇತರ ಬರ್ನಿ ಸ್ಯಾಂಡರ್ಸ್. ಇಡೀ ರಾಜ್ಯದ ಮತ ಒಬ್ಬರ ಕೈಯಲ್ಲಿ, ಕಥೆ ಬರೆಯುವವರು ಇದನ್ನು ಬಿಟ್ಟರೆ ನಷ್ಟ.

ಉಪಾಧ್ಯಕ್ಷರದು ಬೇರೆಯೇ ಹಾದಿ. ಸೆನೆಟ್ ಆರಿಸುವುದು ಮೊದಲ ಇಬ್ಬರಲ್ಲಿ ಒಬ್ಬರನ್ನು, ಸದಸ್ಯರಿಗೆ ತಲಾ ಒಂದು ಮತ, ಬೇಕಾದದ್ದು 51. ಮೂರನೇ ಸ್ಥಾನದವನ ಜೋಡಿ ಅಭ್ಯರ್ಥಿ ಇಲ್ಲೇ ಔಟ್, ಹಾಗಾಗಿ ಅಧ್ಯಕ್ಷ ಒಂದು ಪಕ್ಷ, ಉಪಾಧ್ಯಕ್ಷ ಇನ್ನೊಂದು ಆಗಬಹುದು. ಸೆನೆಟ್ ಹೀಗೆ ಆರಿಸಿದ್ದು ಒಮ್ಮೆ: 1836ರ ಚುನಾವಣೆಯಲ್ಲಿ ರಿಚರ್ಡ್ ಜಾನ್ಸನ್‌ಗೆ 147 ಬಂದು ಒಂದು ಮತ ಕಡಿಮೆಬಿತ್ತು. ಜನವರಿ 20ರೊಳಗೆ ಪ್ರತಿನಿಧಿ ಸಭೆ ತೀರ್ಮಾನಿಸದಿದ್ದರೆ ಆಯ್ಕೆಯಾದ ಉಪಾಧ್ಯಕ್ಷರೇ ಅಧ್ಯಕ್ಷರ ಕೆಲಸ ನೋಡಿಕೊಳ್ಳುತ್ತಾರೆ.

ನಕ್ಷೆ ಮುಗಿದ ಮೇಲೆ ಲಿಂಕ್ ಅಥವಾ ಚಿತ್ರವಾಗಿ ಹಂಚಬಹುದು. ಎರಡನ್ನೂ ಇಟ್ಟುಕೊಳ್ಳಿ, ಎಕ್ಸೆಲ್ ಹಾಳೆಯನ್ನಂತೂ ಬಿಡಬೇಡಿ. ಚಿತ್ರದ ಕೆಳಗೆ ವರ್ಷ, ಎಲೆಕ್ಟರ್ ಮೊತ್ತ, ದೇಶದ ಮತಪ್ರಮಾಣ ಮತ್ತು ಛಾಯೆಗಳಿಗೆ ಇಟ್ಟುಕೊಂಡ ಗಡಿ ಬರೆದಿರಲಿ. ಅತಂತ್ರವಾಗಿದ್ದರೆ ಸಭೆಯ ನಕ್ಷೆಯನ್ನೂ ಜತೆಗೇ ಹಾಕಿ.