ಆರೇ ಜನ ಆಗಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ: ಸ್ಟೂಡೆಂಟ್ ಮೆಂಟರ್ ಕೆಲಸದ ರಿವ್ಯೂ

ಈ ವಾರ ಮೂರು ಜನ ಜೂನಿಯರ್‌ಗಳು ಒಂದೇ ಪ್ರಶ್ನೆ ಕೇಳಿದರು. "ಅಕ್ಕಾ, ಮೆಂಟರ್ ಫಾರ್ಮ್ ಬಂದಿದೆ, ತುಂಬ್ಲಾ ಬೇಡ್ವಾ?" ಮೆಂಟರ್ ಅಂದರೆ ಕಾಲೇಜಿಗೆ ಹೊಸದಾಗಿ ಸೇರಿದವರ ಒಂದು ಗುಂಪಿಗೆ ಜೊತೆಯಾಗಿ ನಿಂತು ದಾರಿ ತೋರಿಸುವ ಸೀನಿಯರ್. ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್ ಮಾಡುವ ಬದಲು ಇಲ್ಲೇ ಪೂರ್ತಿ ಬರೆಯುತ್ತಿದ್ದೇನೆ. ಹೋಟೆಲಿಗೆ, ಮೊಬೈಲಿಗೆ, ಪಿಜಿಗೆ ಎಲ್ಲಾ ರಿವ್ಯೂ ಬರೆಯುತ್ತೇವೆ. ಹೊಸಬರನ್ನು ಕಾಲೇಜು ಬರಮಾಡಿಕೊಳ್ಳೋದೂ ಒಂದು ಸೇವೆಯೇ ಅಲ್ವಾ? ಅದನ್ನು ನಾನು ಎರಡೂ ಕಡೆಯಿಂದ ನೋಡಿದ್ದೇನೆ, ಮೊದಲ ವರ್ಷ ಹೊಸಬಳಾಗಿ, ಆಮೇಲೆ ಎರಡು ವರ್ಷ ಮೆಂಟರ್ ಆಗಿ. ಕಾಲೇಜಿನ ಹೆಸರು ಬರೆಯುವುದಿಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗಿನ ಒಂದು ಇಂಜಿನಿಯರಿಂಗ್ ಕಾಲೇಜು, ಅಷ್ಟು ಸಾಕು.

ಸ್ಟಾರ್ ಮೊದಲೇ ಹೇಳಿಬಿಡುತ್ತೇನೆ. ಹೊಸಬಳಾಗಿ ನನಗೆ ಸಿಕ್ಕಿದ್ದಕ್ಕೆ ಎರಡು. ಮೆಂಟರ್ ಆಗಿ ಮಾಡಿದ ಕೆಲಸಕ್ಕೆ ಮೂರೂವರೆ. ಐದಕ್ಕೆ ಆ ಒಂದೂವರೆ ಯಾಕೆ ಕಮ್ಮಿ ಆಯಿತು ಅನ್ನೋದೇ ಮುಖ್ಯ.

ನಾನು ಕೊಪ್ಪಳ ಜಿಲ್ಲೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಸಿಇಟಿಯಲ್ಲಿ ಸೀಟು ಸಿಕ್ಕಾಗ ಮನೆಯಲ್ಲಿ ಎಲ್ಲರಿಗೂ ಖುಷಿ, ನನಗೆ ಖುಷಿಗಿಂತ ಭಯ ಜಾಸ್ತಿ. ಅಪ್ಪ ಹಾಸಿಗೆ, ಟ್ರಂಕು, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಹಾಸ್ಟೆಲಿನಲ್ಲಿ ಇಳಿಸಿ ಸಂಜೆ ಬಸ್ಸಿಗೇ ವಾಪಸ್ ಹೋದರು. ಮರುದಿನ ಆಡಿಟೋರಿಯಂನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಭಾಷಣ. ಪ್ಲೇಸ್‌ಮೆಂಟ್ ಎಷ್ಟಾಗಿದೆ, ಲ್ಯಾಬ್ ಎಷ್ಟಿದೆ, ಇಲ್ಲಿ ಓದಿದವರು ಈಗ ಯಾವ ಯಾವ ಕಂಪನಿಯಲ್ಲಿದ್ದಾರೆ. ಎಲ್ಲವೂ ಇಂಗ್ಲಿಷಿನಲ್ಲಿ, ಸ್ಪೀಡಾಗಿ. ನಮ್ಮ ಗುಂಪಿಗೆ ಅಂತ ಒಬ್ಬರು ಸೀನಿಯರ್ ಇದ್ದರು. ಹಾಜರಿ ತಗೊಂಡು ಹೋದವರು ಮತ್ತೆ ಕಾಣಿಸಲಿಲ್ಲ. ಅವರ ಮೇಲೆ ಈಗ ನನಗೆ ಸಿಟ್ಟಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮೂರು ದಿನ ಕಳೆದರೂ ಆ ಕ್ಯಾಂಪಸ್‌ನಲ್ಲಿ ನನ್ನ ಹೆಸರು ಕೇಳಿದವರು ಯಾರೂ ಇರಲಿಲ್ಲ.

ನನ್ನನ್ನು ನಿಜವಾಗಿ ಬರಮಾಡಿಕೊಂಡಿದ್ದು ಗೇಟಿನ ಹೊರಗಿನ ಜೆರಾಕ್ಸ್ ಅಂಗಡಿಯಲ್ಲಿ. ಜಾತಿ ಆದಾಯ ಪ್ರಮಾಣಪತ್ರದ ಹತ್ತು ಕಾಪಿ ತೆಗೆಸುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಸೀನಿಯರ್ ಹುಡುಗಿ ನೋಡಿ, "ಸ್ಕಾಲರ್‌ಶಿಪ್‌ಗಾ? ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಇದರ ಮೇಲಿರೋ ಆರ್‌ಡಿ ನಂಬರ್ ಹಾಕ್ತಾರೆ ಕಣೇ, ಇಷ್ಟೊಂದು ಕಾಪಿ ಬೇಡ. ಬ್ಯಾಂಕ್ ಅಕೌಂಟಿಗೆ ಆಧಾರ್ ಲಿಂಕ್ ಆಗಿದೆಯಾ ಮೊದಲು ನೋಡು, ದುಡ್ಡು ಬರೋದು ಅಲ್ಲಿಗೇ" ಅಂದರು. ಆಮೇಲೆ ಹೆಸರು ಕೇಳಿದರು, ಊರು ಕೇಳಿದರು. ಒಂದು ವಾರ ಬಿಟ್ಟು ಮೆಸ್‌ನಲ್ಲಿ ಆ ಕಡೆ ಟೇಬಲ್‌ನಿಂದ ನನ್ನ ಹೆಸರು ಹಿಡಿದು ಕರೆದರು. ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ, ಕಣ್ಣಲ್ಲಿ ನೀರು ಬಂತು. ಅವರು ಮೆಂಟರ್ ಅಲ್ಲ, ಯಾವ ಕಮಿಟಿಯಲ್ಲೂ ಇರಲಿಲ್ಲ. ಮುಂದಿನ ವರ್ಷ ಫಾರ್ಮ್ ಬಂದಾಗ ನಾನು ತುಂಬಿದ್ದು ಅವರಿಂದಾಗಿ.

ಆಯ್ಕೆ ಕಷ್ಟವಿಲ್ಲ. ಒಂದು ಫಾರ್ಮ್, ಹತ್ತು ನಿಮಿಷದ ಮಾತುಕತೆ. ಬ್ಯಾಕ್ ಇದ್ದರೆ, ಅಂದರೆ ಯಾವುದಾದರೂ ವಿಷಯ ಫೇಲ್ ಆಗಿದ್ದರೆ, ನಮ್ಮಲ್ಲಿ ತಗೊಳ್ಳುವುದಿಲ್ಲ, ಇದು ತಪ್ಪು ಅಂತ ನನಗನಿಸುತ್ತದೆ. ಮೊದಲ ಸೆಮ್‌ನಲ್ಲಿ ಮ್ಯಾಥ್ಸ್ ಹೋಗಿ, ಮತ್ತೆ ಕಟ್ಟಿ ಪಾಸಾದವರಿಗೆ ಹೊಸಬರ ಹತ್ತಿರ ಹೇಳಲು ಎಷ್ಟು ಇರುತ್ತದೆ! ತರಬೇತಿ ಎರಡು ದಿನ. ಕೌನ್ಸೆಲರ್ ಒಬ್ಬರು ತಗೊಂಡ ಕ್ಲಾಸ್ ತುಂಬಾ ಚೆನ್ನಾಗಿತ್ತು. ಅಳುವವರಿಗೆ ಕೂಡಲೇ ಬುದ್ಧಿ ಹೇಳಬೇಡಿ, ಮೊದಲು ಕೂತು ಕೇಳಿ ಅಂತ ನಾವೇ ಇಬ್ಬಿಬ್ಬರಾಗಿ ಕೂತು ಅಭ್ಯಾಸ ಮಾಡಿದೆವು. ಉಳಿದದ್ದು ಕ್ಯಾಂಪಸ್ ಮ್ಯಾಪ್, ಬ್ಲಾಕ್‌ಗಳ ಹೆಸರು, ಸ್ಟೇಜ್ ಮೇಲೆ ಯಾರನ್ನು ಯಾವಾಗ ಕರೆಯಬೇಕು ಅನ್ನೋದು. ಸ್ಕಾಲರ್‌ಶಿಪ್ ಬಗ್ಗೆ, ಬಸ್ ಪಾಸ್ ಬಗ್ಗೆ, ಸ್ಟಡಿ ಸರ್ಟಿಫಿಕೇಟ್ ಯಾವ ಕೌಂಟರ್‌ನಲ್ಲಿ ಸಿಗುತ್ತದೆ ಅನ್ನೋದರ ಬಗ್ಗೆ ಒಂದು ಮಾತೂ ಇರಲಿಲ್ಲ. ಹೊಸಬರು ಕೇಳೋದೇ ಅದನ್ನು.

ಇಂಡಕ್ಷನ್, ಅಂದರೆ ಹೊಸಬರಿಗೆ ಕಾಲೇಜು ಪರಿಚಯಿಸುವ ಕಾರ್ಯಕ್ರಮ, ಶುರುವಾಗುವ ಹಿಂದಿನ ರಾತ್ರಿ ನನ್ನ ಗುಂಪಿನ ಪಟ್ಟಿ ಬಂತು. 24 ಹೆಸರು.

ಇಲ್ಲಿ ಸ್ವಲ್ಪ ನಿಯಮದ ವಿಷಯ ಹೇಳಬೇಕು, ಯಾಕೆಂದರೆ ಇದನ್ನು ಓದಿದ ಮೇಲೆಯೇ ನನಗೆ ಎಲ್ಲಿ ತಪ್ಪುತ್ತಿದೆ ಅಂತ ತಿಳಿದಿದ್ದು. ಇಂಜಿನಿಯರಿಂಗ್‌ನಲ್ಲಿ ಮೂರು ವಾರದ ಇಂಡಕ್ಷನ್ ಇರಬೇಕು ಅಂತ ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಹೇಳುತ್ತದೆ. ಆ ಮೂರು ವಾರ ಮಾಮೂಲಿ ಕ್ಲಾಸ್ ಇರಬಾರದು. ಆಟ, ಕಲೆ, ಮೌಲ್ಯಗಳ ಬಗ್ಗೆ ಮಾತುಕತೆ, ಊರು ನೋಡೋದು, ಡಿಪಾರ್ಟ್‌ಮೆಂಟ್ ಪರಿಚಯ, ಇವೆಲ್ಲ ಇರಬೇಕು. ಐಐಟಿ ಗಾಂಧಿನಗರದಲ್ಲಿ 2011ರಲ್ಲೇ ಐದು ವಾರದ ಇಂಥ ಕಾರ್ಯಕ್ರಮ ಶುರು ಮಾಡಿದ್ದರು, ಅದೂ ಇದಕ್ಕೆ ಒಂದು ಮಾದರಿ. 2019ರಲ್ಲಿ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಕೂಡ 'ದೀಕ್ಷಾರಂಭ' ಅಂತ ಹೆಸರಿಟ್ಟು ಎಲ್ಲ ವಿಶ್ವವಿದ್ಯಾಲಯಗಳಿಗೂ ಮಾರ್ಗಸೂಚಿ ಕೊಟ್ಟಿತು.

ಆದರೆ ನನಗೆ ತುಂಬಾ ಮುಖ್ಯ ಅನಿಸಿದ್ದು ಇದಕ್ಕಿಂತ ಹಳೆಯದು. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದಲ್ಲಿ ಅಮನ್ ಕಚ್ರೂ ಎಂಬ ಮೆಡಿಕಲ್ ವಿದ್ಯಾರ್ಥಿ ರ‍್ಯಾಗಿಂಗ್‌ನಿಂದ ಸತ್ತ. ಆ ವರ್ಷವೇ ಯುಜಿಸಿ ರ‍್ಯಾಗಿಂಗ್ ತಡೆಯುವ ನಿಯಮ ತಂದಿತು. ಪ್ರತಿ ವರ್ಷ ನಾವೂ ಅಪ್ಪ ಅಮ್ಮನೂ ಅಫಿಡವಿಟ್ ಕೊಡೋದು, 1800-180-5522 ಸಹಾಯವಾಣಿ ಬೋರ್ಡ್ ಹಾಕಿರೋದು ಎಲ್ಲರಿಗೂ ಗೊತ್ತು. ಅದೇ ನಿಯಮದಲ್ಲಿ ಮೆಂಟರಿಂಗ್ ಸೆಲ್ ಅಂತ ಒಂದು ಭಾಗ ಇದೆ, ಅದನ್ನು ಓದಿದವರು ಕಡಿಮೆ. ಆರು ಜನ ಹೊಸಬರಿಗೆ ಒಬ್ಬ ಮೆಂಟರ್ ಇರಬೇಕು, ಅಂಥ ಆರು ಮೆಂಟರ್‌ಗಳಿಗೆ ಮೇಲಿನ ವರ್ಷದ ಒಬ್ಬ ಮೆಂಟರ್ ಇರಬೇಕು ಅಂತ ಲೆಕ್ಕವನ್ನೇ ಬರೆದಿದ್ದಾರೆ. ಆರು! ನನ್ನ ಕೈಯಲ್ಲಿ 24 ಜನರ ಪಟ್ಟಿ. ನನ್ನ ಮೊದಲ ವರ್ಷದ ಆ ಸೀನಿಯರ್ ಕೈಯಲ್ಲಿ ಎಷ್ಟಿತ್ತೋ. ಹಾಜರಿ ತಗೊಳ್ಳುವಷ್ಟರಲ್ಲೇ ಅವರ ದಿನ ಮುಗಿದುಹೋಗಿರಬೇಕು.

ಮೊದಲ ದಿನ ಬೆಳಿಗ್ಗೆ ಏಳೂವರೆಗೆ ಗೇಟ್ ಹತ್ತಿರ ನಿಂತೆ. ಕಾರಿನಲ್ಲಿ ಬಂದವರು, ಬಸ್ ಸ್ಟ್ಯಾಂಡ್‌ನಿಂದ ಆಟೋದಲ್ಲಿ ಬಂದವರು, ಬಕೆಟ್ಟಿನೊಳಗೆ ಸಾಮಾನು ತುಂಬಿಕೊಂಡು ನಡೆದೇ ಬಂದವರು. ಮಕ್ಕಳಿಗಿಂತ ಜಾಸ್ತಿ ಪ್ರಶ್ನೆ ತಂದೆ ತಾಯಿಯರದ್ದು. ಕಲಬುರಗಿ ಕಡೆಯ ಒಬ್ಬರು ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ನೋಡವ್ವಾ, ನಮ್ಮ ಹುಡುಗಿಗೆ ಇಲ್ಲಿ ಯಾರೂ ಗುರ್ತಿಲ್ಲ. ನೀ ಸ್ವಲ್ಪ ನೋಡ್ಕೊ" ಅಂದರು. ನನಗಾಗ ಹತ್ತೊಂಬತ್ತು ವರ್ಷ. ನೋಡ್ಕೋತೀನಿರೀ ಅಂದೆ. ಮೆಂಟರ್ ಕೆಲಸ ಎಷ್ಟು ದೊಡ್ಡದು ಅಂತ ತಿಳಿದದ್ದು ತರಬೇತಿಯಲ್ಲಲ್ಲ, ಆ ಗೇಟಿನ ಹತ್ತಿರ.

ನಾನು ಮಾಡಿದ ಒಂದು ಕೆಲಸ ಸರಿಹೋಯಿತು, ನೀವೂ ಮಾಡಿ. ಹೇಳಬೇಕಾದ ಎಲ್ಲವನ್ನೂ ಎರಡು ಸಲ ಹೇಳಿದೆ, ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ. ಪಿ ಸೈಕಲ್ ಅಂದರೆ ಫಿಸಿಕ್ಸ್ ಗುಂಪು, ಸಿ ಸೈಕಲ್ ಅಂದರೆ ಕೆಮಿಸ್ಟ್ರಿ ಗುಂಪು, ಒಂದು ಸೆಮ್ ಇದು, ಇನ್ನೊಂದು ಸೆಮ್ ಅದು. ಇಂಟರ್ನಲ್ಸ್ (ಸೆಮ್ ಮಧ್ಯೆ ಕಾಲೇಜೇ ಕೊಡುವ ಮಾರ್ಕ್ಸ್) 50ಕ್ಕೆ, ಸೆಮ್ ಕೊನೆಯ ಪರೀಕ್ಷೆ 50ಕ್ಕೆ, ಇಂಟರ್ನಲ್ಸ್‌ನಲ್ಲಿ 20 ಬರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಹಾಜರಿ 85 ಪರ್ಸೆಂಟ್. ಇದನ್ನು ಕನ್ನಡದಲ್ಲಿ ನಿಧಾನವಾಗಿ ಹೇಳಿದಾಗ ಹಿಂದಿನ ಬೆಂಚಿನ ನಾಲ್ಕೈದು ಮುಖ ಸಡಿಲವಾಗಿದ್ದು ನನಗೆ ಕಾಣಿಸಿತು. ಗುಂಪಿನಲ್ಲಿ ಬಿಹಾರದ ಒಬ್ಬ ಹುಡುಗ ಇದ್ದ. ಅವನಿಗೆ ಕನ್ನಡ ಬಾರದವರಿಗೆ ಇರುವ 'ಬಳಕೆ ಕನ್ನಡ' ಪೇಪರ್. ಕನ್ನಡದ ಭಾಗವನ್ನೂ ಅವನು ಎದ್ದು ಹೋಗದೆ ಕೇಳುತ್ತಿದ್ದ, ಆಮೇಲೆ ಬಂದು ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳೋದು ಹೇಗೆ ಅಂತ ಕಲಿತುಕೊಂಡ. ಬಸ್ ಪಾಸ್ ಮಾಡಿಸುವ ಗಡಿಬಿಡಿಯೂ ಹುಡುಗರಿಗೇ ಜಾಸ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದರಿಂದ ನಮ್ಮ ರಾಜ್ಯದ ಹುಡುಗಿಯರಿಗೆ ಸಾಮಾನ್ಯ ಬಸ್ಸಿನಲ್ಲಿ ಆ ಚಿಂತೆ ಇಲ್ಲ.

ಈಗ ಸರಿಹೋಗದೇ ಇದ್ದದ್ದು. ನಮ್ಮಲ್ಲಿ ಮೂರು ವಾರದ ಇಂಡಕ್ಷನ್ ಒಂದೇ ವಾರಕ್ಕೆ ಇಳಿಯಿತು, ಅದರಲ್ಲೂ ಮೂರು ದಿನ ಭಾಷಣ. ಸಿಇಟಿ ಸೀಟು ಹಂಚಿಕೆಯ ಎರಡನೇ ರೌಂಡಿನಲ್ಲಿ ಸೀಟು ಸಿಕ್ಕವರು ಬರುವಷ್ಟರಲ್ಲಿ ಎಲ್ಲ ಮುಗಿದು ಕ್ಲಾಸ್ ನಡೆಯುತ್ತಿತ್ತು. ಅವರಿಗೆ ಸ್ವಾಗತವೂ ಇಲ್ಲ, ಗುಂಪೂ ಇಲ್ಲ. ನನ್ನ ಪಟ್ಟಿಗೆ ಹಾಗೆ ತಡವಾಗಿ ಸೇರಿದ ಮೂವರಲ್ಲಿ ಒಬ್ಬ ಹಾಸನದ ಹುಡುಗ. ಅವನ ಹೆಸರು ಮಾತ್ರ ನನಗೆ ಗೊತ್ತಿತ್ತು, ಮುಖ ನೋಡಿದ್ದು ಮೊದಲ ಇಂಟರ್ನಲ್ಸ್ ಆದ ಮೇಲೆ. ಆ ಹೊತ್ತಿಗೆ ಅವನು ನಾಲ್ಕು ದಿನದಿಂದ ರೂಮ್ ಬಿಟ್ಟು ಹೊರಗೆ ಬಂದಿರಲಿಲ್ಲ. ರೂಮ್‌ಮೇಟ್ ಬಂದು ಹೇಳಿದ್ದಕ್ಕೆ ತಿಳಿಯಿತು. ನಾನೇ ಮಾತಾಡಿ ಸರಿಮಾಡಬಹುದು ಅಂದುಕೊಂಡು ಎರಡು ದಿನ ಕಳೆದೆ. ಅದು ನನ್ನ ತಪ್ಪು. ಆಮೇಲೆ ಫ್ಯಾಕಲ್ಟಿ ಮೆಂಟರ್ ಆಗಿದ್ದ ಅಧ್ಯಾಪಕರಿಗೆ ಹೇಳಿದೆ. ಅವರು ಒಂದು ಗಂಟೆಯೊಳಗೆ ಹಾಸ್ಟೆಲಿಗೆ ಬಂದರು, ಕೌನ್ಸೆಲರ್ ಹತ್ತಿರ ಅವರೇ ಕರೆದುಕೊಂಡು ಹೋದರು, ಮನೆಯವರಿಗೂ ಫೋನ್ ಮಾಡಿದರು. ಇಂಥ ವಿಷಯ ಬಂದರೆ ನೀವು ಒಂದು ದಿನವೂ ಒಬ್ಬರೇ ಇಟ್ಟುಕೊಳ್ಳಬೇಡಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ದಿನದ 24 ಗಂಟೆಯೂ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರನ್ನು ನಾನು ಈಗ ಮೊದಲ ದಿನವೇ ಎಲ್ಲರ ಫೋನಿನಲ್ಲಿ ಸೇವ್ ಮಾಡಿಸುತ್ತೇನೆ.

24 ಜನರಲ್ಲಿ ಒಬ್ಬ ನಾಲ್ಕು ದಿನ ಕಾಣದಿದ್ದರೆ ಗೊತ್ತಾಗುವುದಿಲ್ಲ. ಆರು ಜನರಲ್ಲಿ ಒಬ್ಬ ಒಂದು ಹೊತ್ತು ಊಟಕ್ಕೆ ಬರದಿದ್ದರೂ ಗೊತ್ತಾಗುತ್ತದೆ. ಆ ಒಂದೂವರೆ ಸ್ಟಾರ್ ಹೋಗಿದ್ದು ಇಲ್ಲಿ.

ನಾನು ಮೆಂಟರ್ ಆದ ಎರಡನೇ ವರ್ಷ ನಾವು ಮೆಂಟರ್‌ಗಳೆಲ್ಲ ಸೇರಿ ಆ 2009ರ ನಿಯಮದ ಪುಟವನ್ನು ಪ್ರಿಂಟ್ ತೆಗೆದುಕೊಂಡು ಸಂಯೋಜಕ ಮೇಷ್ಟ್ರ ಹತ್ತಿರ ಹೋದೆವು. ಅವರು ಕೂತು ಪೂರ್ತಿ ಓದಿದರು. ಆರಕ್ಕೆ ಇಳಿಸುವಷ್ಟು ಜನ ಸಿಗಲಿಲ್ಲ, ಆದರೂ ಇನ್ನಷ್ಟು ಮೆಂಟರ್‌ಗಳನ್ನು ಸೇರಿಸಿಕೊಂಡು ಗುಂಪು 12ಕ್ಕೆ ಇಳಿಯಿತು. ಎಷ್ಟು ವ್ಯತ್ಯಾಸ ಅಂತೀರಿ! ಎರಡನೇ ದಿನಕ್ಕೇ ಎಲ್ಲರ ಹೆಸರು ಬಾಯಿಗೆ ಬಂತು. ಯಾರಿಗೆ ಮೆಸ್ಸಿನ ಊಟ ಸೇರುವುದಿಲ್ಲ, ಯಾರ ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ, ಯಾರಿಗೆ ಲ್ಯಾಬ್ ರೆಕಾರ್ಡ್ ಬರೆಯೋದು ಬಾಕಿ ಇದೆ, ಎಲ್ಲ ಗೊತ್ತಿತ್ತು. ಆ ವರ್ಷ ಒಬ್ಬ ಹುಡುಗ ಬಂದು, ಪಿಜಿಯಲ್ಲಿ ಸೀನಿಯರ್‌ಗಳು ಮಧ್ಯರಾತ್ರಿ ಎಬ್ಬಿಸಿ ನಿಲ್ಲಿಸುತ್ತಾರೆ ಅಂತ ಹೇಳಿಕೊಂಡ. ಹಿಂದಿನ ವರ್ಷದ 24 ಜನರ ಗುಂಪಿನಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ನನ್ನ ಹತ್ತಿರ ಬರುತ್ತಿದ್ದರಾ? ಬರುತ್ತಿರಲಿಲ್ಲ ಅಂತ ನನಗೆ ಗೊತ್ತು. ಅವನ ಜೊತೆಗೇ ಹೋಗಿ ಲಿಖಿತ ದೂರು ಕೊಡಿಸಿದೆ. ಅದು ನಿಂತಿತು.

ಏನು ಸಿಗುತ್ತದೆ ಅಂತ ಕೇಳಿದವರಿಗೆ: ಟೀಶರ್ಟ್, ಸರ್ಟಿಫಿಕೇಟ್, ಇಂಡಕ್ಷನ್ ದಿನಗಳಲ್ಲಿ ಮಧ್ಯಾಹ್ನದ ಊಟ. ಸಂಬಳ ಇಲ್ಲ. ಕ್ಲಾಸಿನ ಹೊರಗಿನ ಚಟುವಟಿಕೆಗೆ ಸಿಗುವ, ಡಿಗ್ರಿಗೆ ಬೇಕಾದ 100 ಆಕ್ಟಿವಿಟಿ ಪಾಯಿಂಟ್‌ನಲ್ಲಿ ನಮ್ಮ ಕಾಲೇಜು ಇದನ್ನು ಲೆಕ್ಕ ಹಿಡಿಯಲಿಲ್ಲ, ಹಿಡಿಯಬೇಕು. ನಿಮ್ಮ ಓದಿನ ಸಮಯ ಹೋಗುತ್ತದೆ, ಅವರ ಮೊದಲ ಇಂಟರ್ನಲ್ಸ್ ಬರುವಾಗ ನಿಮ್ಮದೂ ಬಂದಿರುತ್ತದೆ, ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ, ಕೆಲವು ಸಲ ಕಾಲ್ಕುಲೇಟರ್ ಯಾವ ಮಾಡೆಲ್ ತರಬೇಕು ಅಂತ ಕೇಳಲು, ಕೆಲವು ಸಲ ಸುಮ್ನೆ ಮಾತಾಡಲು. ಸ್ಟೇಜ್, ಮೈಕ್, ಫೋಟೋ ಇಷ್ಟ ಅಂತ ಬರುವವರು ಕಲ್ಚರಲ್ ಕಮಿಟಿಗೆ ಹೋಗಿ, ಅಲ್ಲೂ ಒಳ್ಳೆಯ ಕೆಲಸ ಇದೆ. ಜಾಸ್ತಿ ಮಾತಾಡುವವರೇ ಬೇಕು ಅಂತೇನಿಲ್ಲ. ನಾನು ನೋಡಿದ ಒಳ್ಳೆಯ ಮೆಂಟರ್‌ಗಳಲ್ಲಿ ಇಬ್ಬರು ತುಂಬಾ ಮೌನಿ, ಆದರೆ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರುತ್ತಿದ್ದರು. ಕನ್ನಡ ಮೀಡಿಯಂನಿಂದ ಬಂದವರು, ಹಳ್ಳಿಯಿಂದ ಬಂದವರು, ನನ್ನ ಇಂಗ್ಲಿಷ್ ಸರಿಯಿಲ್ಲ ಅಂತ ಹಿಂದೆ ಸರಿಯಬೇಡಿ. ನಿಮ್ಮಂಥವರೇ ಗೇಟಿನ ಹತ್ತಿರ ನಿಂತಿರಬೇಕು.

ಅಂದಹಾಗೆ, ಫಾರ್ಮ್ ತುಂಬಲಾ ಅಂತ ಕೇಳಿದ ಮೂವರಲ್ಲಿ ಒಬ್ಬ ಆ ಹಾಸನದ ಹುಡುಗ. ಈಗ ಚೆನ್ನಾಗಿದ್ದಾನೆ. ಎರಡನೇ ರೌಂಡಿನಲ್ಲಿ ತಡವಾಗಿ ಬರುವವರನ್ನು ಮಾತ್ರ ನನಗೆ ಕೊಡ್ತಾರಾ ಅಕ್ಕಾ ಅಂತ ಕೇಳಿದ. ಫಾರ್ಮ್‌ನಲ್ಲಿ ಅಂಥದ್ದೊಂದು ಕಾಲಂ ಇಲ್ಲ. ಕೊನೆಯಲ್ಲಿ ಖಾಲಿ ಜಾಗ ಇದೆ, ಅಲ್ಲಿ ಬರೆದುಕೊಡು, ಮೇಷ್ಟ್ರ ಹತ್ತಿರ ನಾನೂ ಬರುತ್ತೇನೆ ಅಂದಿದ್ದೇನೆ.