ಗ್ಲೋರಿ, ಡೇಸ್ ಆಫ್ ಗ್ಲೋರಿ: ಬೂಟು ಸಿಗದವರು, ಟೊಮೆಟೊ ಸಿಗದವರು

ನನಗೆ ಬೇಕಾಗಿದ್ದು 2006ರ ‘ಡೇಸ್ ಆಫ್ ಗ್ಲೋರಿ’ ಸಿನಿಮಾ. ಹೆಸರು ಗೊಂದಲವಾಗಿ ದುಡ್ಡು ಕಟ್ಟಿದ್ದು 1989ರ ‘ಗ್ಲೋರಿ’ಗೆ. ಆಮೇಲೆ ಬೇಕಾದದ್ದನ್ನೂ ಬಾಡಿಗೆಗೆ ತೆಗೆದುಕೊಂಡೆ. ಹಾಗಾಗಿ ಒಂದೇ ವಾರದಲ್ಲಿ ಎರಡೂ ನೋಡಿದ್ದಾಯಿತು. ಒಂದೇ ಬಾವುಟದ ಕೆಳಗೆ ಸಾಯಲು ಹೊರಟ ಸೈನಿಕರಲ್ಲೂ ಬಣ್ಣ ನೋಡಿ ಭೇದ ಮಾಡುವ ಕಥೆ ಎರಡರದ್ದೂ. ನನ್ನ ಮನಸ್ಸಿನಲ್ಲಿ ನಿಂತಿದ್ದು ‘ಡೇಸ್ ಆಫ್ ಗ್ಲೋರಿ’.

‘ಗ್ಲೋರಿ’ ಕೆಟ್ಟ ಸಿನಿಮಾ ಅಲ್ಲವೇ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ 54ನೇ ಮ್ಯಾಸಚೂಸೆಟ್ಸ್ ದಳದ ಕಥೆ. ಸೈನಿಕರು ಕಪ್ಪು ಜನ, ಅಧಿಕಾರಿಗಳು ಬಿಳಿಯರು. ಟ್ರಿಪ್ ಅನ್ನುವ ಸೈನಿಕನ ಪಾತ್ರ ಡೆನ್ಜೆಲ್ ವಾಷಿಂಗ್ಟನ್ ಮಾಡಿದ್ದಾರೆ. ಟ್ರಿಪ್ ಒಮ್ಮೆ ಶಿಬಿರ ಬಿಟ್ಟು ಹೋಗಿ ಸಿಕ್ಕಿಬೀಳುತ್ತಾನೆ. ಶಿಕ್ಷೆಗೆ ಅಂಗಿ ತೆಗೆದರೆ ಬೆನ್ನ ತುಂಬ ಹಳೇ ಚಾಟಿ ಏಟಿನ ಗುರುತು. ಹೊಸ ಏಟು ಬೀಳುವಾಗ ಅವನು ಕೂಗುವುದಿಲ್ಲ, ಕಣ್ಣೀರು ಮಾತ್ರ ಕೆನ್ನೆಗೆ ಇಳಿಯುತ್ತದೆ. ಅವನು ಹೋಗಿದ್ದು ಬೂಟು ಹುಡುಕಿಕೊಂಡು ಅಂತ ದಳದ ಮುಖ್ಯಸ್ಥ, ಬಿಳಿಯ ಕರ್ನಲ್ ಶಾಗೆ ಗೊತ್ತಾಗುವುದು ಆಮೇಲೆ. ಸಂಬಳದ ವಿಷಯವೂ ನಿಜವಾಗಿ ನಡೆದದ್ದು. ತಿಂಗಳಿಗೆ 13 ಡಾಲರ್ ಅಂತ ಹೇಳಿ ಸೇರಿಸಿಕೊಂಡು 10 ಕೊಡಲು ಬಂದರು, ಅದರಲ್ಲೂ ಬಟ್ಟೆಗೆ ಅಂತ 3 ಕಡಿತ. ಸೈನಿಕರು ಮುಟ್ಟಲಿಲ್ಲ.

ಆದರೆ ಇದೆಲ್ಲ ನಮಗೆ ಕಾಣುವುದು ಹೆಚ್ಚಾಗಿ ಶಾ ಕಣ್ಣಿನಿಂದ, ಅವನು ಮನೆಗೆ ಬರೆಯುವ ಕಾಗದಗಳಿಂದ. ಬೂಟು ತರಿಸುವವನೂ ಅವನೇ. ಆ ದಳದಲ್ಲಿ ಉತ್ತರದ ಸ್ವತಂತ್ರ ಕಪ್ಪು ಜನರೇ ಜಾಸ್ತಿ ಇದ್ದರು. ಗುಲಾಮಗಿರಿ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡ್ರಿಕ್ ಡಗ್ಲಸ್ ಅವರ ಇಬ್ಬರು ಮಕ್ಕಳೂ ಸೇರಿದ್ದರು. ಸಿನಿಮಾದ ಮುಖ್ಯ ಪಾತ್ರಗಳಲ್ಲಿ ಆ ಮಕ್ಕಳಿಗೆ ಜಾಗವೇ ಇಲ್ಲ.

‘ಡೇಸ್ ಆಫ್ ಗ್ಲೋರಿ’ಯಲ್ಲಿ ಹಾಗೆ ಕಾಪಾಡುವ ದೊಡ್ಡ ಮನುಷ್ಯ ಯಾರೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಪರ ಹೋರಾಡಲು ಬಂದ ಅಲ್ಜೀರಿಯಾ, ಮೊರಾಕ್ಕೊ ಕಡೆಯವರ ಕಥೆ. ಹಡಗಿನಲ್ಲಿ ಊಟಕ್ಕೆ ಸಾಲು ನಿಂತಿದೆ. ಟೊಮೆಟೊ ಫ್ರೆಂಚರಿಗೆ ಮಾತ್ರ. ಕಾರ್ಪೊರಲ್ ಅಬ್ದೆಲ್‌ಕಾದರ್ ಬಂದು ಟೊಮೆಟೊಗಳನ್ನೇ ಬೂಟಿನಲ್ಲಿ ತುಳಿದುಹಾಕುತ್ತಾನೆ. ಗುಂಡಿನ ಸದ್ದಿಗಿಂತ ಆ ಪಚಪಚ ಸದ್ದು ನನ್ನ ಕಿವಿಯಲ್ಲಿ ಉಳಿದಿದೆ. ಮಾರ್ಟಿನೆಜ್ ಅನ್ನುವ ಸಾರ್ಜೆಂಟ್ ಇನ್ನೂ ದೊಡ್ಡ ಪಾತ್ರ. ಅವನ ತಾಯಿ ಅರಬ್ ಹೆಂಗಸು. ಅವಳ ಫೋಟೊವನ್ನು ಗುಟ್ಟಾಗಿ ಇಟ್ಟುಕೊಂಡಿರುತ್ತಾನೆ. ಅದನ್ನು ನೋಡಿದ ಸಯೀದ್ ಅನ್ನುವ ಸೈನಿಕ ಪ್ರೀತಿಯಿಂದ ಮಾತಾಡಿದರೆ ಮಾರ್ಟಿನೆಜ್ ಅವನ ಮೇಲೇ ಎರಗುತ್ತಾನೆ.

ಈಗ ನನ್ನ ಗೋಳು ಕೇಳಿ. ನಾನು ಬಾಡಿಗೆಗೆ ತೆಗೆದುಕೊಂಡ ಆ್ಯಪ್‌ನಲ್ಲಿ ಫ್ರೆಂಚ್ ಮಾತಿಗೆ ಮಾತ್ರ ಇಂಗ್ಲಿಷ್ ಸಬ್‌ಟೈಟಲ್ ಇತ್ತು, ಅರಬ್ಬಿಗೆ ಇರಲಿಲ್ಲ. ಮೊದಲ ದೃಶ್ಯದಲ್ಲೇ ಊರಿನ ಮುಖಂಡ ಗಂಡಸರನ್ನು ಯುದ್ಧಕ್ಕೆ ಕೂಗಿ ಕರೆಯುತ್ತಾನೆ. ಪರದೆಯ ಕೆಳಗೆ ಒಂದಕ್ಷರ ಇಲ್ಲ. ಸೆಟ್ಟಿಂಗ್ ಬದಲಾಯಿಸಿದೆ, ಆ್ಯಪ್ ತೆಗೆದು ಮತ್ತೆ ಹಾಕಿದೆ. ದೂರು ಕೊಟ್ಟರೆ ಫೈಲ್ ಇರುವುದೇ ಹಾಗೆ ಅಂದರು. 120 ರೂಪಾಯಿ ಹೋಯಿತು.

ಸುಮ್ನೆ ದುಡ್ಡಿನ ಸಂಕಟ ಅಲ್ಲ ಇದು. ಈ ಸಿನಿಮಾದಲ್ಲಿ ಭೇದ ಇರುವುದೇ ಭಾಷೆಯಲ್ಲಿ. ಅಧಿಕಾರಿ ಎದುರು ಫ್ರೆಂಚ್, ತಮ್ಮತಮ್ಮಲ್ಲಿ ಅರಬ್ಬಿ. ಬೈಗುಳ, ತಮಾಷೆ, ಭಯ ಎಲ್ಲ ಅರಬ್ಬಿಯಲ್ಲೇ. ಅದನ್ನೇ ಅಳಿಸಿದರೆ ಆ ಸೈನಿಕರು ಅಧಿಕಾರಿಗಳಿಗೆ ಎಷ್ಟು ಕಾಣುತ್ತಾರೋ ನಮಗೂ ಅಷ್ಟೇ ಕಾಣುತ್ತಾರೆ. ನನಗೆ ತುಂಬಾ ಸಿಟ್ಟು ಬಂತು. ಕೊನೆಗೆ ಹಳೇ ಡಿವಿಡಿ 350 ರೂಪಾಯಿಗೆ ತಂದೆ. ಅದರಲ್ಲಿ ಎರಡೂ ಭಾಷೆಗೆ ಸಬ್‌ಟೈಟಲ್ ಇದೆ. ಮೊದಲ ಸಲ ಬರೀ ಗಲಾಟೆ ಅನ್ನಿಸಿದ್ದ ಜಾಗಗಳಲ್ಲಿ ಎರಡನೇ ಸಲ ಅತ್ತೆ.

ಯುದ್ಧದ ದೃಶ್ಯ ‘ಗ್ಲೋರಿ’ಯದೇ ಚೆನ್ನ. ಸಂಗೀತವೂ.

1984ರ ‘ಎ ಸೋಲ್ಜರ್ಸ್ ಸ್ಟೋರಿ’ ಹಿಂದೆಯೇ ನೋಡಿದ್ದೆ. ತನ್ನವರನ್ನೇ ಕೀಳಾಗಿ ಕಾಣುವ ಕಪ್ಪು ಸಾರ್ಜೆಂಟ್ ಅದರಲ್ಲಿದ್ದಾನೆ. ಒಳ್ಳೆಯದು, ಆದರೆ ಅದು ಕೊಲೆ ತನಿಖೆಯ ಕಥೆ, ರಣರಂಗ ದೂರ.

ನಾನು ಸಿನಿಮಾ ನೋಡುವುದು ರಾತ್ರಿ, ಎಲ್ಲರೂ ಮಲಗಿದ ಮೇಲೆ, ಒಬ್ಬಳೇ. ಓದಿಕೊಂಡು ನೋಡುವುದು ನನಗೆ ಕಷ್ಟ ಅಲ್ಲ. ಅಪ್ಪನಿಗೆ ಸಬ್‌ಟೈಟಲ್ ಓಡುವ ವೇಗ ಹಿಡಿಯಲು ಆಗುವುದಿಲ್ಲ, ಇಂಗ್ಲಿಷ್ ಮಾತು ಅರ್ಥವಾಗುತ್ತದೆ. ಅವರ ಜೊತೆ ಕೂತರೆ ‘ಗ್ಲೋರಿ’ಯೇ ಹಾಕುತ್ತೇನೆ. ಆದರೆ ಇಟ್ಟುಕೊಳ್ಳಲು ಒಂದನ್ನೇ ಕೊಳ್ಳಬೇಕು ಅಂದರೆ ಆ 350 ರೂಪಾಯಿ ಡಿವಿಡಿಯೇ. ಈ ಸೈನಿಕರ ಪಿಂಚಣಿಯನ್ನು ಫ್ರಾನ್ಸ್ 1959ರಲ್ಲಿ ಹೆಚ್ಚಿಸದೆ ಆಗ ಇದ್ದ ಮೊತ್ತದಲ್ಲೇ ನಿಲ್ಲಿಸಿಬಿಟ್ಟಿತ್ತು. ಅದನ್ನು ಫ್ರೆಂಚ್ ಸೈನಿಕರಿಗೆ ಸಮ ಮಾಡಲು ಸರ್ಕಾರ ಒಪ್ಪಿದ್ದು 2006ರಲ್ಲಿ, ಈ ಸಿನಿಮಾ ಬಂದ ಮೇಲೆ.